ಹ್ಯಾಂಡಲ್ ಅಕ್ಕನ ಜೀಪೂ ಬೀಗರ ವ್ಯಾನೂ

ನೋಟಿಸ್ ಬೋರ್ಡಿನಲ್ಲಿ ಆ ಹಾಳೆ ಕಂಡಾಗ ನಮ್ಮತ್ತೆ ಮೊದಲು ಮಾಡಿದ ಕೆಲಸ ಜೇಬಿನಿಂದ ಪೆನ್ನು ತೆಗೆದದ್ದು. ಪೂರ್ತಿ ಓದುವ ಮೊದಲೇ ತೆಗೆದಳು ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯ ಲೈನ್‌ಮನ್ ಇವತ್ತಿಗೂ ಹೇಳುತ್ತಾರೆ.

ಹಾಳೆಯಲ್ಲಿ ಇದ್ದದ್ದು ಒಂದು ಪಟ್ಟಿ. ಎಡಗಡೆ ಜೀಪು, ಬಲಗಡೆ ವ್ಯಾನು. ಜೀಪಿನ ವಯಸ್ಸು ಮೂವತ್ತೇಳು, ವ್ಯಾನಿನದು ಇಪ್ಪತ್ತೊಂಬತ್ತು. ಜೀಪಿನ ಇಂಜಿನ್ನು ಅರವತ್ತು ಅಶ್ವಶಕ್ತಿಯದು, ವ್ಯಾನಿನದು ಎಪ್ಪತ್ತು. ಗಂಟೆಗೆ ಜೀಪು ಹೆಚ್ಚೆಂದರೆ ಎಂಬತ್ತೈದು ಕಿಲೋಮೀಟರ್ ಓಡುತ್ತದೆ, ವ್ಯಾನು ನೂರ ಐದು. ಜೀಪಿನಲ್ಲಿ ಏಳು ಜನ, ವ್ಯಾನಿನಲ್ಲಿ ಹತ್ತು. ಒಂದು ಲೀಟರ್ ಡೀಸೆಲ್ಲಿಗೆ ಜೀಪು ಎಂಟು ಪಾಯಿಂಟ್ ನಾಲ್ಕು ಕಿಲೋಮೀಟರ್, ವ್ಯಾನು ಹತ್ತು ಪಾಯಿಂಟ್ ಒಂದು. ಕೆಳಗೆ ಎರಡು ಸಾಲು: ಡಿಪೋಗೆ ಇನ್ನು ಒಂದೇ ವಾಹನಕ್ಕೆ ಅನುಮತಿ ಇರುವುದರಿಂದ ಜೀಪನ್ನು ತಿಂಗಳ ಕೊನೆಗೆ ಗುಜರಿಗೆ ಕಳಿಸಲಾಗುವುದು. ಜೀಪಿನ ಚಾಲಕಿಯನ್ನು ಸ್ಟೋರ್ ರೂಮಿನ ಕೆಲಸಕ್ಕೆ ನೇಮಿಸಲಾಗುವುದು.

ಜೀಪಿನ ಚಾಲಕಿ ಎಂದರೆ ನಮ್ಮತ್ತೆ, ನಮ್ಮಪ್ಪನ ತಂಗಿ. ಅವಳು ಪಟ್ಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಹೀಗೆ ಬರೆದಳು: "ಭಾರ ಹೊತ್ತು ಏರು ಹತ್ತುವ ಬಲ ಎಷ್ಟು? ಹೊಳೆ ದಾಟುತ್ತದೆಯೇ? ಚಳಿಯಲ್ಲಿ ಸ್ಟಾರ್ಟ್ ಆಗಲು ಎಷ್ಟು ಹೊತ್ತು? ಈ ಸಾಲುಗಳು ಬಿಟ್ಟುಹೋಗಿವೆ. ದಯವಿಟ್ಟು ತುಂಬಿಸಿ." ಕೆಳಗೆ ಪೂರ್ತಿ ಸಹಿ ಮಾಡಿದಳು. ಯಾರೋ ಪೋಕರಿಗಳು ಗೀಚಿದ್ದು ಎಂದು ಯಾರೂ ತಿಳಿಯಬಾರದಲ್ಲ.

ಅದು ವಿದ್ಯುತ್ ತಂತಿಗಳನ್ನು ನೋಡಿಕೊಳ್ಳುವ ಡಿಪೋ. ತಗಡಿನ ಒಂದು ದೊಡ್ಡ ಶೆಡ್ಡು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟಿನ ಅಂಗಳ, ಗೋಡೆಗೆ ಒರಗಿಸಿದ ಏಣಿಗಳು, ಮೂಲೆಯಲ್ಲಿ ಮರದ ಗಾಲಿಗಳಂಥ ತಂತಿ ಸುರುಳಿಗಳು. ಊರೊಳಗೆ ಕಂಬ ಕೆಟ್ಟರೆ ವ್ಯಾನು ಹೋಗುತ್ತದೆ. ಗುಡ್ಡದ ಮೇಲೆ ಹೊಳೆಯಾಚೆ ನಿಂತ ವಿದ್ಯುತ್ ಗೋಪುರಗಳಲ್ಲಿ ಕೆಟ್ಟರೆ ಜೀಪು. ಇಷ್ಟು ವರ್ಷವೂ ಇಬ್ಬರ ದಾರಿ ಬೇರೆ ಬೇರೆ. ಲೈನ್‌ಮನ್ನರು ಜೀಪಿಗೆ ಇಟ್ಟ ಹೆಸರು ಅಜ್ಜಿ. ವ್ಯಾನಿಗೆ ಅಳಿಯ ಎಂದು ಹೆಸರು, ಏಕೆಂದರೆ ಬೆಳಿಗ್ಗೆ ಅದರ ಹೀಟರ್ ಕಾಯಿಸಿ, ಒಂದೆರಡು ಸಲ ಉಪಚಾರ ಮಾಡದೆ ಅದು ಮೇಲೇಳುವುದಿಲ್ಲ. ಅಳಿಯನನ್ನು ಕರೆತರುವವನಾದ್ದರಿಂದ ವ್ಯಾನಿನ ಡ್ರೈವರಿಗೆ ಬೀಗರು ಎಂದೇ ಹೆಸರು ಬಿತ್ತು. ಆತನಿಗೂ ಅದು ಒಗ್ಗಿಹೋಗಿತ್ತು. ಬೀಗರೇ ಎಂದರೆ ತಿರುಗುತ್ತಿದ್ದ, ನಿಜವಾದ ಹೆಸರು ಹಿಡಿದು ಕರೆದರೆ ಯಾರನ್ನೋ ಕರೆದರೆಂದು ಸುಮ್ಮನಿರುತ್ತಿದ್ದ.

ಅತ್ತೆಗೆ ಡಿಪೋದಲ್ಲಿ ಇದ್ದ ಹೆಸರು ಹ್ಯಾಂಡಲ್ ಅಕ್ಕ. ಅದಕ್ಕೆ ಕಾರಣ ನಮ್ಮ ತಾತನ ಹಿಟ್ಟಿನ ಗಿರಣಿ. ಗಿರಣಿಯ ಡೀಸೆಲ್ ಇಂಜಿನ್ನನ್ನು ಹ್ಯಾಂಡಲ್ ಹಾಕಿ ತಿರುಗಿಸಿಯೇ ಶುರು ಮಾಡಬೇಕಿತ್ತು. ತಿರುಗಿಸುವಾಗ ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು. ಇಂಜಿನ್ನು ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಹನ್ನೊಂದು ವರ್ಷದವಳಿದ್ದಾಗ ಕಲಿತ ಆ ಹಿಡಿತ ಅತ್ತೆಗೆ ಹೋಗಲೇ ಇಲ್ಲ. ಚಮಚವನ್ನೂ ಬಕೆಟ್ಟಿನ ಹಿಡಿಯನ್ನೂ ಹೆಬ್ಬೆರಳು ಪಕ್ಕಕ್ಕಿಟ್ಟೇ ಹಿಡಿಯುತ್ತಾಳೆ. ಗಿರಣಿ ಮುಚ್ಚಿದ ಮೇಲೆ ಅವಳು ಡಿಪೋಗೆ ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಒಂದು ಬೆಳಿಗ್ಗೆ ಗುಡ್ಡದಲ್ಲಿ ತಂತಿ ಹರಿದಿತ್ತು, ಜೀಪಿನ ಬ್ಯಾಟರಿ ಸತ್ತಿತ್ತು, ಮೂವರು ಗಂಡಸರು ಹ್ಯಾಂಡಲ್ ತಿರುಗಿಸಿ ಸುಸ್ತಾಗಿ ಕೂತಿದ್ದರು. ಅತ್ತೆ ಪೊರಕೆ ಗೋಡೆಗಿಟ್ಟು, ಸೆರಗು ಬಿಗಿದು, ಎರಡನೇ ಸುತ್ತಿಗೆ ಇಂಜಿನ್ ಎಬ್ಬಿಸಿದಳು. ಆಗಿನ ಅಧಿಕಾರಿ ಗುಣ ನೋಡುವವರು. ಲೈಸೆನ್ಸ್ ಮಾಡಿಸಿಕೊಂಡು ಬಾ ಎಂದರು. ಎಂಟು ತಿಂಗಳಲ್ಲಿ ಅವಳು ಸ್ಟೀರಿಂಗ್ ಹಿಂದೆ ಕೂತಳು. ಅಲ್ಲಿಂದ ಇಪ್ಪತ್ತೆರಡು ವರ್ಷ ಅದೇ ಜೀಪು, ಅದೇ ಸೀಟು. ಸೀರೆ ಬಿಟ್ಟು ಖಾಕಿ ಅಂಗಿ, ಪ್ಯಾಂಟು ಹಾಕಿದಾಗ ಬೀದಿಯಲ್ಲಿ ನಕ್ಕವರಿದ್ದರು. ಅವರ ಮನೆಗೆ ಕರೆಂಟು ಬರಬೇಕಾದರೂ ಇದೇ ಪ್ಯಾಂಟು ಗುಡ್ಡ ಹತ್ತಬೇಕು ಎಂದು ಅತ್ತೆ ನಿಂತಲ್ಲೇ ಹೇಳಿದ್ದಳು.

ಈಗ ಬಂದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು. ಕೆಟ್ಟವರೇನಲ್ಲ. ಆದರೆ ಪಟ್ಟಿಯಲ್ಲಿ ಇರುವುದೆಲ್ಲ ನಿಜ, ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದು ನಂಬಿದವರು. ಅತ್ತೆಯನ್ನು ಒಳಗೆ ಕರೆಸಿದರು.

"ಇದು ನೋಟಿಸ್ ಬೋರ್ಡು ಅಮ್ಮಾ. ಪರೀಕ್ಷೆ ಪೇಪರ್ ಅಲ್ಲ."

"ಪರೀಕ್ಷೆ ಆಗಿದ್ರೆ ನಿಮಗೇ ಮಾರ್ಕ್ಸ್ ಕಡಿಮೆ ಬರ್ತಿತ್ತು ಸರ್. ಅರ್ಧ ಪ್ರಶ್ನೆ ಬಿಟ್ಟಿದೀರಿ."

"ಎಪ್ಪತ್ತು ಹೆಚ್ಚೋ, ಅರವತ್ತು ಹೆಚ್ಚೋ?"

"ಎಪ್ಪತ್ತೇ ಹೆಚ್ಚು. ಆದ್ರೆ ಆ ಎಪ್ಪತ್ತು ಯಾವಾಗ ಸಿಗೋದು, ಅದನ್ನ ಹೇಳಿ. ಇಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರದ ಇನ್ನೂರು ಸುತ್ತು ಹೊಡೆದ್ರೆ ಸಿಗ್ತದೆ. ತಂತಿ ಸುರುಳಿ ಹೇರ್ಕೊಂಡು ಏರು ಹತ್ತೋವಾಗ ಯಾವ ಗಾಡಿ ಅಷ್ಟು ಸುತ್ತು ಹೊಡೀತದೆ? ಅಲ್ಲಿ ಬೇಕಾಗೋದು ನಿಧಾನಕ್ಕೆ ಸುತ್ತೋವಾಗ ಎಳೆಯೋ ಬಲ. ನನ್ನ ಜೀಪು ಸಾವಿರದ ಆರ್ನೂರು ಸುತ್ತಿಗೇ ಹದಿನಾರು ಕೆ.ಜಿ. ಮೀಟರ್ ಎಳೀತದೆ. ಕಂಪನಿ ಪುಸ್ತಕದಲ್ಲೇ ಇದೆ, ಇಪ್ಪತ್ತೊಂದನೇ ಪುಟ. ವ್ಯಾನು ಎಳೆಯೋದು ಹದಿನಾಲ್ಕೂವರೆ. ಅದೂ ಎರಡು ಸಾವಿರದ ನಾನೂರು ಸುತ್ತು ಬಂದ ಮೇಲೆ. ಅಷ್ಟರಲ್ಲಿ ಏರು ಮುಗಿದಿರಲ್ಲ, ಅಳಿಯನ ಉಸಿರು ಮುಗಿದಿರ್ತದೆ."

ನಾನು ಕಾಲೇಜಿನಲ್ಲಿ ಇದೇ ಪಾಠವನ್ನು ಎರಡು ಸಲ ಓದಿ ಪಾಸಾದವಳು. ಅರ್ಥವಾದದ್ದು ಅತ್ತೆ ಇದನ್ನು ನನಗೆ ಹೇಳಿದಾಗ.

ಅಧಿಕಾರಿ ಇಲ್ಲವೆನ್ನಲಿಲ್ಲ. ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿದರು. "ಎಳೆಯೋದು ಹಾಗಿರಲಿ. ಕುಡಿಯೋದು? ಎಂಟು ಪಾಯಿಂಟ್ ನಾಲ್ಕು ಅನ್ನೋದನ್ನ ನಾನು ಕನಸಲ್ಲಿ ಕಂಡಿದ್ದಲ್ಲ. ಇದು ಯಾರ ಕೈಬರಹ?"

"ನನ್ನದೇ."

"ಯಾರಾದ್ರೂ ತಿದ್ದಿದಾರಾ?"

"ಯಾರೂ ತಿದ್ದಿಲ್ಲ."

ಅತ್ತೆಗೆ ಅಲ್ಲಿ ಮಾತು ನಿಂತಿತು. ದಿನವೂ ಹೊರಡುವಾಗ ಮೀಟರು ನೋಡಿ, ಬಂದ ಮೇಲೆ ಮೀಟರು ನೋಡಿ ಅವಳೇ ಬರೆದ ಅಂಕಿಗಳು. ಇಂಜಿನ್ನಿನ ಸದ್ದು ಕೇಳಿದರೆ ಅದು ಅಷ್ಟು ಕುಡಿಯುವ ಗಾಡಿಯಲ್ಲ ಎಂದು ಅವಳ ಕಿವಿ ಹೇಳುತ್ತಿತ್ತು. ಹೊಗೆ ಬಿಳಿಯೂ ಅಲ್ಲ, ಕಪ್ಪೂ ಅಲ್ಲ. ಆದರೆ ಕಿವಿಯನ್ನು ಮೇಜಿನ ಮೇಲಿಟ್ಟು ತೋರಿಸಲಾಗುತ್ತದೆಯೇ?

"ಓಡಿಸಿ ನೋಡಿ ಸರ್," ಎಂದಳು. "ಒಂದೇ ದಾರಿ, ಒಂದೇ ಭಾರ, ಒಂದೇ ದಿನ. ಸೋತ್ರೆ ಕೀಲಿ ನಾನೇ ತಂದು ಈ ಮೇಜಿನ ಮೇಲೆ ಇಡ್ತೀನಿ. ಗೆದ್ದರೆ ಆ ಹಾಳೆ ನೀವೇ ಕಿತ್ತು ಹಾಕ್ಬೇಕು."

ಅಂಕಿಗಳು ಸಿಗುವ ಆಟವಾದ್ದರಿಂದ ಅಧಿಕಾರಿಗೂ ಒಪ್ಪಿಗೆಯಾಯಿತು. ಶನಿವಾರ ಎಂದರು.

ಅತ್ತೆಯ ಮನೆ ಎರಡು ಕೋಣೆಯದು. ಮುಂದಿನ ಕೋಣೆ ಮಾವನ ಹೊಲಿಗೆ ಅಂಗಡಿ. ಮಾವ ದರ್ಜಿ, ಮಾತು ಕಡಿಮೆ. ಶುಕ್ರವಾರ ಸಂಜೆ ನಾನು ಹೋದಾಗ ಅವರು ಒಂದು ಕೋಟಿನ ತೋಳು ಬಿಚ್ಚುತ್ತ ಕೂತಿದ್ದರು.

"ಸ್ಟೋರ್ ರೂಮಲ್ಲಿ ಫ್ಯಾನಿದೆ ಕಣೆ," ಎಂದರು ಅತ್ತೆಗೆ. "ಬೆನ್ನು ನೋವಿಗೂ ಒಳ್ಳೇದು."

"ಫ್ಯಾನ್ ಕೆಳಗೆ ಕೂರೋಕೆ ನಾನೇನು ಒಣಗಿಸೋಕೆ ಹಾಕಿದ ಬಟ್ಟೆನಾ? ನಿಮಗೆ ನಾಳೆಯಿಂದ ಕತ್ತರಿ ಮುಟ್ಬೇಡಿ, ಗುಂಡಿ ಎಣಿಸ್ಕೊಂಡು ಕೂತ್ಕೊಳ್ಳಿ ಅಂದ್ರೆ?"

ಮಾವ ತೋಳನ್ನು ಕೆಳಗಿಟ್ಟರು. "ಕತ್ತರಿ ಅವರ ತಲೆ ಮೇಲೆ ಹಾಕ್ತೀನಿ," ಎಂದರು.

"ಮತ್ತೆ? ಸುಮ್ನೆ ತೋಳು ಬಿಚ್ಚಿ."

ಶನಿವಾರ ನಾನೂ ಹೋದೆ. ಎರಡೂ ಗಾಡಿಗಳ ಟ್ಯಾಂಕು ಕುತ್ತಿಗೆವರೆಗೆ ತುಂಬಿಸಿದರು. ಎರಡರಲ್ಲೂ ಡ್ರೈವರ್ ಬಿಟ್ಟು ನಾಲ್ಕು ನಾಲ್ಕು ಜನ, ಒಂದೊಂದು ತಂತಿ ಸುರುಳಿ. ಊರ ಹೊರಗಿನ ಸಪಾಟು ರಸ್ತೆಯಲ್ಲಿ ಸಾಗಿ, ಆಮೇಲೆ ಗುಡ್ಡ ಹತ್ತಿ, ಹೊಳೆಯ ಈಚೆ ದಡದಲ್ಲಿ ತಿರುಗಿ ಬರಬೇಕು. ಹೊಳೆ ದಾಟುವುದನ್ನು ಅಧಿಕಾರಿ ಪರೀಕ್ಷೆಗೆ ಸೇರಿಸಲಿಲ್ಲ. ಅವರು ವ್ಯಾನಿನಲ್ಲಿ ಮುಂದೆ ಕೂತರು. ನಾನೂ ಹಿರಿಯ ಲೈನ್‌ಮನ್ನೂ ಇನ್ನಿಬ್ಬರೂ ಜೀಪಿನಲ್ಲಿ.

ಜೀಪು ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಬೀಗರು ಹೀಟರ್ ಹಾಕಿ ಬೆರಳಲ್ಲಿ ಎಣಿಸುತ್ತ ಕೂತ. ಎದ್ದ ಮೇಲೆ ಮಾತ್ರ ಅಳಿಯ ನಮ್ಮನ್ನು ಸಪಾಟು ರಸ್ತೆಯಲ್ಲಿ ಲೆಕ್ಕಕ್ಕೇ ಇಡಲಿಲ್ಲ. ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣದಷ್ಟು ಮುಂದೆ ಹೋಯಿತು. ಜೀಪಿನಲ್ಲಿ ಕೂತವರ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ವ್ಯಾನಿನಲ್ಲಿ ಅಧಿಕಾರಿ ಪತ್ರಿಕೆ ಓದುತ್ತಿದ್ದರಂತೆ.

"ಅಕ್ಕಾ, ಒಂಚೂರು ತುಳೀರಿ," ಎಂದ ಹಿಂದಿನ ಸೀಟಿನವನೊಬ್ಬ.

"ತುಳಿದ್ರೆ ಡೀಸೆಲ್ ಹೋಗ್ತದೆ, ಗುಡ್ಡ ಹತ್ರ ಬರಲ್ಲ. ಸುಮ್ನೆ ಕೂತ್ಕೋ."

ಗುಡ್ಡದ ಎರಡನೇ ತಿರುವಿನಲ್ಲಿ ವ್ಯಾನು ಸಿಕ್ಕಿತು. ಮೊದಲ ಗೇರಿನಲ್ಲಿ ಕಪ್ಪು ಹೊಗೆ ಉಗುಳುತ್ತ ನಿಂತಲ್ಲೇ ನಡುಗುತ್ತಿತ್ತು. ಮೂವರು ಇಳಿದು ಹಿಂದಿನಿಂದ ತಳ್ಳುತ್ತಿದ್ದರು. ಅಧಿಕಾರಿ ಮೂಗಿಗೆ ಕರ್ಚೀಫು ಹಿಡಿದು ರಸ್ತೆ ಬದಿಗೆ ನಿಂತಿದ್ದರು. ಅತ್ತೆ ಎರಡನೇ ಗೇರಿನಲ್ಲೇ ಪಕ್ಕಕ್ಕೆ ಬಂದು ನಿಧಾನ ಮಾಡಿದಳು.

"ಬನ್ನಿ ಸರ್, ಜಾಗ ಇದೆ."

"ಬೇಡ. ನಾನು ಹತ್ತಿದ್ರೆ ನಿಮ್ಮ ಭಾರ ಹೆಚ್ಚಾಗ್ತದೆ. ನಿಯಮ ನಿಯಮವೇ."

ಆ ಮಾತಿಗೆ ಅತ್ತೆಗೆ ಅವರ ಮೇಲೆ ಮೊದಲ ಸಲ ಗೌರವ ಬಂತಂತೆ. ಜೀಪು ಸದ್ದು ಬದಲಿಸದೆ ಮೇಲೆ ಹೋಯಿತು.

ಡಿಪೋಗೆ ಬಂದ ಮೇಲೆ ಅಳತೆಯ ಡಬ್ಬಿಯಿಂದ ಎರಡೂ ಟ್ಯಾಂಕನ್ನು ಮತ್ತೆ ಕುತ್ತಿಗೆವರೆಗೆ ತುಂಬಿಸಿದರು. ಜೀಪಿಗೆ ಹಿಡಿದದ್ದು ಐದು ಪಾಯಿಂಟ್ ಒಂದು ಲೀಟರ್, ವ್ಯಾನಿಗೆ ಐದು ಪಾಯಿಂಟ್ ಮೂರು. ಲೈನ್‌ಮನ್ನರು ಶಿಳ್ಳೆ ಹಾಕಿದರು. ಆಗ ಅಧಿಕಾರಿ ಮೀಟರು ನೋಡಿ ಬರೆದುಕೊಂಡರು. ವ್ಯಾನು ಓಡಿದ್ದು ನಲವತ್ತೆಂಟು ಕಿಲೋಮೀಟರ್. ಜೀಪು ನಲವತ್ತಮೂರು.

ಶಿಳ್ಳೆ ನಿಂತಿತು. ಒಂದೇ ದಾರಿ, ಐದು ಕಿಲೋಮೀಟರ್ ವ್ಯತ್ಯಾಸ.

"ಆ ಐದು ಕಿಲೋಮೀಟರ್ ಎಲ್ಲಿ ಹೋಯ್ತು ಅಕ್ಕಾ?" ಎಂದ ಬೀಗರು, ಎಲ್ಲರಿಗೂ ಕೇಳುವಂತೆ. "ದಾರೀಲಿ ಹಸಿವಾಗಿ ನುಂಗಿಬಿಟ್ರಾ? ನಾವು ಮುಂದೆ ಹೋದ್ಮೇಲೆ ಹೊಲದ ದಾರಿ ಹಿಡಿದಿರಿ ಅಷ್ಟೇ. ಅದಕ್ಕೇ ಡೀಸೆಲ್ಲೂ ಕಡಿಮೆ ಹಿಡೀತು."

"ಏಯ್, ನಾನು ಗಾಡೀಲೇ ಇದ್ದೆ," ಎಂದರು ಹಿರಿಯ ಲೈನ್‌ಮನ್. "ಯಾವ ಹೊಲವೂ ಇಲ್ಲ, ಗದ್ದೆಯೂ ಇಲ್ಲ."

"ನೀವು ಬಿಡಿ, ಅಜ್ಜಿ ಕಡೆಯವರು."

ಅಧಿಕಾರಿ ಲೆಕ್ಕ ಹಾಕಿದರು. ಮೀಟರಿನ ಪ್ರಕಾರ ಜೀಪಿಗೆ ಲೀಟರಿಗೆ ಎಂಟು ಪಾಯಿಂಟ್ ನಾಲ್ಕು. ರಿಜಿಸ್ಟರಿನಲ್ಲಿ ಇದ್ದದ್ದೂ ಅದೇ. ವ್ಯಾನು ಏರಿನಲ್ಲಿ ಅಷ್ಟು ಕಷ್ಟಪಟ್ಟರೂ ಒಂಬತ್ತು. ಅವರು ತಲೆ ಎತ್ತಿ ಅತ್ತೆಯನ್ನು ನೋಡಿದರು. ಬೈಯಲಿಲ್ಲ. ಕೈ ಚಾಚಿದರು. ಕೀಲಿಗಾಗಿ.

ಅತ್ತೆ ಕೀಲಿ ಕೊಡಲಿಲ್ಲ. ಜೀಪಿನ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಎದ್ದು ಹಿಂದಕ್ಕೆ ಹೋಗಿ, ಬಾಗಿಲಿಗೆ ಬಿಗಿದಿದ್ದ ಸ್ಟೆಪ್ನಿಯನ್ನು ನೋಡಿದಳು. ಅವಳ ಕಿವಿಯವರೆಗೂ ಕೆಂಪಾದದ್ದನ್ನು ನಾನು ನೋಡಿದೆ. ಅದು ಅವಮಾನದ ಕೆಂಪಲ್ಲ. ಇಂಥ ಚಿಕ್ಕ ವಿಷಯ ಹತ್ತೊಂಬತ್ತು ವರ್ಷ ತನ್ನ ಕಣ್ಣು ತಪ್ಪಿಸಿತಲ್ಲ ಎಂಬ ಸಿಟ್ಟು.

ಹತ್ತೊಂಬತ್ತು ವರ್ಷದ ಹಿಂದೆ ಹೊಳೆಯ ಕಲ್ಲುಗಳಿಗೆ ಜೀಪಿನ ಹೊಟ್ಟೆ ತಾಗುತ್ತಿತ್ತು. ಎರಡು ಸಲ ಗೇರ್ ಬಾಕ್ಸಿನ ತಳ ಒಡೆದಿತ್ತು. ಡಿಪೋದ ಹಿಂದೆ ಬಿದ್ದಿದ್ದ ಹಳೆಯ ಟ್ರೈಲರಿನ ಟೈರುಗಳು ಜೀಪಿನ ರಿಮ್ಮಿಗೆ ಕೂರುತ್ತವೆ, ಆದರೆ ಅಳತೆಯಲ್ಲಿ ದೊಡ್ಡವು ಎಂದು ಅತ್ತೆ ಕಂಡುಕೊಂಡಳು. ಒಂದು ಮಧ್ಯಾಹ್ನ ತಾನೇ ನಾಲ್ಕನ್ನೂ ಹಾಕಿದಳು. ಆಗಿನ ಅಧಿಕಾರಿ ನೋಡಿ ಚೆನ್ನಾಗಿದೆ ಎಂದರು. ಕಾಗದದಲ್ಲಿ ಒಂದಕ್ಷರ ಬರೆಯಲಿಲ್ಲ. ಸವೆದಾಗಲೆಲ್ಲ ಅದೇ ದೊಡ್ಡ ಅಳತೆಯವನ್ನೇ ತರಿಸಿದಳು. ಸ್ಟೆಪ್ನಿ ಮಾತ್ರ ಹಳೆಯ ಸಣ್ಣದೇ ಉಳಿಯಿತು. ದಾರಿಯಲ್ಲಿ ಪಂಕ್ಚರ್ ಆಗಿ ಅದನ್ನು ಹಾಕಿದರೆ ಜೀಪು ಒಂದು ಕಡೆ ವಾಲಿಕೊಂಡು ಬರುತ್ತಿತ್ತು. ಅಜ್ಜಿ ಕುಂಟ್ತಿದಾಳೆ ಎಂದು ಡಿಪೋದವರೆಲ್ಲ ನಗುತ್ತಿದ್ದರು. ಅತ್ತೆಯೂ ನಕ್ಕವಳೇ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಮೀಟರು ಎಣಿಸುವುದು ಮಾತ್ರ ಸುತ್ತನ್ನು. ಇದು ಒಬ್ಬರಿಗೂ ಹೊಳೆದಿರಲಿಲ್ಲ. ವ್ಯಾನೂ ಜೀಪೂ ಎಂದೂ ಒಂದೇ ದಾರಿಯಲ್ಲಿ ಹೋಗಿರಲಿಲ್ಲವಲ್ಲ, ಹೊಳೆಯುವುದಾದರೂ ಹೇಗೆ?

ಈಗ ಅವಳ ಮುಂದೆ ಇದ್ದದ್ದು ಎರಡೇ ದಾರಿ. ಬಾಯಿ ಬಿಟ್ಟರೆ, ಹೇಳದೆ ಕೇಳದೆ ಇಲಾಖೆಯ ಗಾಡಿಯ ಟೈರು ಬದಲಾಯಿಸಿದವಳು, ಹತ್ತೊಂಬತ್ತು ವರ್ಷ ತಪ್ಪು ದೂರ ಬರೆದವಳು. ಬಿಡದಿದ್ದರೆ ಹೊಲದ ದಾರಿ ಹಿಡಿದ ಕಳ್ಳಿ.

"ಸರ್," ಎಂದಳು ಗಟ್ಟಿಯಾಗಿ. "ಮೀಟರು ಸುಳ್ಳು ಹೇಳ್ತಿದೆ. ಸುಳ್ಳು ಹೇಳಿಸಿದ್ದು ನಾನು. ಚಾಕ್‌ಪೀಸ್ ತರಿಸಿ."

ಟೈರಿನ ಮೇಲೂ ನೆಲದ ಮೇಲೂ ಗೆರೆ ಎಳೆದಳು. ಲೈನ್‌ಮನ್ನರು ಜೀಪನ್ನು ತಳ್ಳಿದರು. ಹತ್ತು ಸುತ್ತನ್ನು ಎಲ್ಲರೂ ಗಟ್ಟಿಯಾಗಿ ಎಣಿಸಿದರು. ತಂತಿ ಅಳೆಯುವ ಟೇಪು ಹಿಡಿದರೆ ಇಪ್ಪತ್ನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್. ಆಮೇಲೆ ಸ್ಟೆಪ್ನಿಯನ್ನು ಬಿಚ್ಚಿ, ಗೆರೆ ಎಳೆದು, ಕೈಯಲ್ಲೇ ಹತ್ತು ಸುತ್ತು ಉರುಳಿಸಿದರು. ಇಪ್ಪತ್ತೆರಡು ಮೀಟರ್. ಬೀಗರು ಟೇಪಿನ ತುದಿಯನ್ನು ತಾನೇ ಬಗ್ಗಿ ನೋಡಿದ, ಎರಡು ಸಲ.

ಅಧಿಕಾರಿ ಫೋನಿನಲ್ಲಿ ಲೆಕ್ಕ ಹಾಕಿದರು. ಅಳಿಸಿ ಮತ್ತೆ ಹಾಕಿದರು. "ನಲವತ್ತೆಂಟು," ಎಂದರು. "ನಲವತ್ತಮೂರಲ್ಲ. ನಲವತ್ತೆಂಟು." ಲೀಟರಿಗೆ ಒಂಬತ್ತು ಪಾಯಿಂಟ್ ನಾಲ್ಕು. ಅದೇ ಗುಡ್ಡದಲ್ಲಿ ವ್ಯಾನಿಗೆ ಒಂಬತ್ತು.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿದ್ರೆ ನಿಮ್ಮ ಮೇಜಿನ ಮುಂದೆ ಬಾಯಿ ಮುಚ್ಕೊಂಡು ನಿಂತಿರ್ತಿದ್ನಾ?"

"ಟೈರು ಬದಲಾಯಿಸೋಕೆ ಯಾರ ಅನುಮತಿ ಇತ್ತು?"

"ಕಾಗದದಲ್ಲಿ ಯಾರದ್ದೂ ಇಲ್ಲ."

ಅಧಿಕಾರಿ ಬೋರ್ಡಿನ ಹತ್ತಿರ ಹೋಗಿ ತಮ್ಮ ಹಾಳೆಯನ್ನು ತಾವೇ ಕಿತ್ತರು. ಮಾತಿಗೆ ತಪ್ಪಲಿಲ್ಲ. ಆದರೆ ಟೈರಿನ ವಿಷಯ ಮುಚ್ಚಿಡಲು ಅವರಿಂದಾಗಲಿಲ್ಲ. ಹತ್ತೊಂಬತ್ತು ವರ್ಷದ ಅಂಕಿಗಳು ಮೇಲಿನ ಕಚೇರಿಗೆ ಹೋಗಿದ್ದವು. ಸೋಮವಾರ ಅತ್ತೆಯ ಮುಂದೆ ಒಂದು ಟೈಪು ಮಾಡಿದ ಪತ್ರ ಇಟ್ಟರು. ಅವಳ ಪರವಾಗಿ ಅವರೇ ಬರೆದದ್ದು: "ಅಜ್ಞಾನದಿಂದ ವಾಹನದ ಟೈರುಗಳನ್ನು ಬದಲಾಯಿಸಿದ್ದೇನೆ. ಕ್ಷಮಿಸಬೇಕೆಂದು ಕೋರುತ್ತೇನೆ."

ಅತ್ತೆ ಮೊದಲ ಪದದ ಮೇಲೆ ಬೆರಳಿಟ್ಟಳು. "ಇದು ತೆಗೀರಿ."

"ನಿಮಗೆ ಒಳ್ಳೇದಾಗ್ಲಿ ಅಂತ ಹಾಕಿದ್ದು ಅಮ್ಮಾ. ಆ ಒಂದು ಪದ ಇದ್ರೆ ಅಲ್ಲಿಗೆ ಮುಗೀತದೆ. ಇಲ್ದಿದ್ರೆ ಬೇಕಂತಲೇ ಮಾಡಿದ್ದು ಅಂತ ಆಗ್ತದೆ. ನಿಮ್ಮನ್ನ ಸೀಟಿಂದ ಇಳಿಸಬಹುದು."

"ಬೇಕಂತಲೇ ಮಾಡಿದ್ದು. ಹೊಳೆ ದಾಟ್ಲಿ ಅಂತ ಮಾಡಿದ್ದು. ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ಆಮೇಲೆ ತಳ ಒಡೆದಿಲ್ಲ, ಗುಡ್ಡದ ಮೇಲೆ ಯಾರೂ ಕತ್ತಲಲ್ಲಿ ಕೂತಿಲ್ಲ. ಅದು ಅಜ್ಞಾನ ಆದ್ರೆ ಜ್ಞಾನ ಯಾವುದು ಸರ್?"

"ಹಾಗಾದ್ರೆ ತಪ್ಪೇ ಇಲ್ಲ ಅಂತೀರಾ?"

"ಇದೆ. ಬದಲಾಯಿಸಿದ್ದನ್ನ ಬರೆದಿಡಲಿಲ್ಲ. ಮೀಟರು ಸರಿ ಇದೆಯಾ ನೋಡ್ಲಿಲ್ಲ. ಅದು ತಪ್ಪು, ನನ್ನದೇ. ಅದಕ್ಕೆ ಎಷ್ಟು ಬೇಕಾದ್ರೂ ಬೈಸ್ಕೊಳ್ತೀನಿ. ಇನ್ನೊಂದಕ್ಕೆ ಬೈಸ್ಕೊಳ್ಳಲ್ಲ."

ಅವಳು ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಮನೆಗೆ ಬಂದು ತನ್ನ ಕೈಯಲ್ಲೇ ಬೇರೆ ಬರೆದಳು. ಮಾವ ಓದಿ, ಕಾಗುಣಿತ ತಿದ್ದಲು ನನ್ನ ಕಡೆ ಚಾಚಿದರು. ಎರಡು ಕಡೆ ಒತ್ತಕ್ಷರ ಸರಿಮಾಡಿದೆ. ಬೇರೆ ಯಾವ ಪದವನ್ನೂ ಮುಟ್ಟುವ ಧೈರ್ಯ ನನಗಾಗಲಿಲ್ಲ. "ತಿಳಿದೇ ಬದಲಾಯಿಸಿದೆ" ಎಂದು ಇತ್ತು. "ಅದನ್ನು ದಾಖಲಿಸದೆ ಇದ್ದದ್ದು ನನ್ನ ತಪ್ಪು" ಎಂದು ಇತ್ತು. ಮೂರನೇ ಸಾಲು: "ಸಣ್ಣ ಟೈರು ಹಾಕಿ ಎಂದು ಆದೇಶವಾದರೆ, ಆದೇಶ ಮಾಡಿದವರು ಮೊದಲು ನನ್ನ ಜೊತೆ ಹೊಳೆ ದಾಟಬೇಕಾಗಿ ವಿನಂತಿ."

ಮಾವ ಕೇಳಿದರು, "ಈ ಕೊನೇ ಸಾಲು ಬೇಕಾ?"

"ಬೇಕು."

ಉತ್ತರ ಬರಲು ಆರು ವಾರ ಹಿಡಿಯಿತು. ಅಷ್ಟು ದಿನವೂ ಅತ್ತೆ ಬೆಳಿಗ್ಗೆ ಎಂಟಕ್ಕೆ ಜೀಪಿನ ಬಾನೆಟ್ಟು ತೆಗೆದು ಎಣ್ಣೆ ನೋಡುವುದನ್ನು ತಪ್ಪಿಸಲಿಲ್ಲ. ಸ್ಟೋರ್ ರೂಮಿನ ಕುರ್ಚಿಯನ್ನು ಬೀಗರು ಒರೆಸಿಟ್ಟಿದಾನೆ ಎಂದು ಯಾರೋ ಚಾಡಿ ಹೇಳಿದರು. "ಒರೆಸ್ಲಿ, ಅವನಿಗೇ ಬರ್ತದೆ," ಎಂದಳಂತೆ. ಆದರೆ ವ್ಯಾನು ಗುಜರಿಗೆ ಹೋಗಬೇಕೆಂದು ಅವಳು ಒಂದು ದಿನವೂ ಹೇಳಲಿಲ್ಲ. ಸಪಾಟು ರಸ್ತೆಗೆ ಅದೇ ಒಳ್ಳೆಯ ಗಾಡಿ, ಅಲ್ಲಿ ಅದರ ಹತ್ತು ಪಾಯಿಂಟ್ ಒಂದು ನಿಜವೇ ಎಂದು ಅಧಿಕಾರಿಗೆ ಹೋಗಿ ಹೇಳಿದ್ದೂ ಅವಳೇ.

ಕೊನೆಗೆ ಬಂದದ್ದು ಎರಡು ಆದೇಶ. ಒಂದರಲ್ಲಿ ಜೀಪು ಡಿಪೋದಲ್ಲೇ ಉಳಿಯತಕ್ಕದ್ದು, ವ್ಯಾನನ್ನು ಬಯಲಿನ ಊರಿನ ಡಿಪೋಗೆ ಡ್ರೈವರ್ ಸಮೇತ ವರ್ಗಾಯಿಸತಕ್ಕದ್ದು ಎಂದಿತ್ತು. ಬೀಗರು ಅಂದೇ ಸಾಮಾನು ಕಟ್ಟಿದ. ಹೊಲದ ದಾರಿಯ ಮಾತಿಗೆ ಕ್ಷಮೆ ಕೇಳಲಿಲ್ಲ. ಅತ್ತೆಯೂ ಹೋಗಿ ಬನ್ನಿ ಎನ್ನಲಿಲ್ಲ.

ಇನ್ನೊಂದು ಆದೇಶ ಅತ್ತೆಯ ಹೆಸರಿಗೆ. ಜೀಪಿನ ದಾಖಲೆಯಲ್ಲಿ ಟೈರಿನ ಹೊಸ ಅಳತೆಯನ್ನು ನಮೂದಿಸಲಾಗಿದೆ. ಚಾಲಕಿಯ ಉದ್ಧಟ ಬರವಣಿಗೆಗಾಗಿ ಅವಳ ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಿಸಲಾಗಿದೆ. ಅವಳನ್ನು ಚಾಲಕಿಯ ಕೆಲಸದಲ್ಲಿ ಮುಂದುವರಿಸಲಾಗಿದೆ.

ಅಧಿಕಾರಿ ಅದನ್ನು ಅವಳ ಕೈಗೆ ಕೊಟ್ಟು ಕಾದರು. ಹೊರಗೆ ಜೀಪಿನ ಇಂಜಿನ್ನು ಓಡುತ್ತಿತ್ತು. ಗುಡ್ಡದ ಮೂರನೇ ಗೋಪುರದಲ್ಲಿ ತಂತಿ ಜೋತು ಬಿದ್ದಿದೆ ಎಂದು ಆಗಲೇ ಕರೆ ಬಂದಿತ್ತು, ಲೈನ್‌ಮನ್ನರು ಹತ್ತಿ ಕೂತಿದ್ದರು.

"ಪೂರ್ತಿ ಓದಿದ್ರಾ?" ಎಂದು ಕೇಳಿದರು.

"ಓದಿದೆ ಸರ್. ಟೈರಿನ ಅಳತೆ ಸರಿಯಾಗಿ ಬರೆದಿದಾರೆ. ಮಿಕ್ಕಿದ್ದು ಅವರ ಅಭಿಪ್ರಾಯ."

ಸಹಿ ಮಾಡಿ, ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಅವಳು ಜೀಪು ಹತ್ತಿದಳು.